ಇನ್ಶೂರೆನ್ಸ್ ಇಲ್ಲದ ಆ ಮೂರು ತಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ನಮ್ಮವರ ಬಾಯಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ. "ಹೆಲ್ತ್ ಇನ್ಶೂರೆನ್ಸ್ ಇಲ್ಲದಿದ್ರೆ ದಂಡ ಹಾಕೋದಾ? ಅದು ಒಬಾಮಾ ಕಾಲದ ಕತೆ ಕಣ್ರೀ, ಯಾವಾಗ್ಲೋ ಹೋಯ್ತು." ಇದು ಅರ್ಧ ನಿಜ. ಫೆಡರಲ್ ಸರ್ಕಾರದ ದಂಡ 2019ರಿಂದ ಸೊನ್ನೆ. ಆದರೆ 2020ರಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ದಂಡ ತಂದಿತು. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಲ್ಲೂ ಇದೆ. ಇವತ್ತು ಕ್ಯಾಲಿಫೋರ್ನಿಯಾದ ವಿಷಯವನ್ನಷ್ಟೇ ಹೇಳುತ್ತೇನೆ. ಅಲ್ಲಿ 2024ರ ಲೆಕ್ಕಕ್ಕೆ, ವರ್ಷವಿಡೀ ಇನ್ಶೂರೆನ್ಸ್ ಇಲ್ಲದ ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಗೆ ಕಡಿಮೆ ಅಂದ್ರೂ 2,700 ಡಾಲರ್ ದಂಡ. ಆದಾಯ ಜಾಸ್ತಿ ಇದ್ದರೆ ಇನ್ನೂ ಏರುತ್ತದೆ.

ವಿನಾಯಿತಿಗಳಿವೆ. ಲೇಆಫ್ ಆದವರಿಗೆ ತುಂಬ ಬೇಕಾಗುವ ವಿನಾಯಿತಿ ಒಂದಿದೆ, ಅದನ್ನು ನಿಧಾನವಾಗಿ ನೋಡೋಣ. ಕೆಲಸ ಹೋಯಿತು, ಕಂಪನಿಯ ಇನ್ಶೂರೆನ್ಸ್ ಮಾರ್ಚ್ 31ಕ್ಕೆ ಮುಗಿಯಿತು ಅಂದುಕೊಳ್ಳಿ. ಏಪ್ರಿಲ್, ಮೇ, ಜೂನ್ ಖಾಲಿ. ಜುಲೈನಲ್ಲಿ ಹೊಸ ಕೆಲಸ, ಹೊಸ ಇನ್ಶೂರೆನ್ಸ್. ದಂಡ ಇಲ್ಲ, ಏಕೆಂದರೆ ಸತತ ಮೂರು ತಿಂಗಳವರೆಗಿನ ಖಾಲಿಗೆ ವಿನಾಯಿತಿ ಇದೆ. ತಿಂಗಳಲ್ಲಿ ಒಂದು ದಿನ ಇನ್ಶೂರೆನ್ಸ್ ಇದ್ದರೂ ಇಡೀ ತಿಂಗಳು ಇದ್ದ ಲೆಕ್ಕ. ಹಾಗಾಗಿ ಜುಲೈ 31ಕ್ಕೆ ಶುರುವಾದರೂ ಬಚಾವ್. ಆಗಸ್ಟ್ 1ಕ್ಕೆ ಹೋಯಿತೋ, ಖಾಲಿ ನಾಲ್ಕು ತಿಂಗಳಾಯಿತು. ಆಗ ನಾಲ್ಕನೆಯ ತಿಂಗಳಿಗೆ ಮಾತ್ರ ಅಲ್ಲ, ನಾಲ್ಕಕ್ಕೂ ದಂಡ! ಒಂದೇ ದಿನದ ವ್ಯತ್ಯಾಸ. ಆಫರ್ ಲೆಟರ್ ಕೈಗೆ ಬಂದಾಗ ಎಲ್ಲರೂ ಸಂಬಳ ನೋಡುತ್ತೇವೆ, ಅಲ್ವಾ? ಇನ್ಶೂರೆನ್ಸ್ ಯಾವ ತಾರೀಖಿಗೆ ಶುರು ಅಂತಲೂ ಕೇಳಿ.

ಇನ್ನು ಅಪ್ಪ ಅಮ್ಮ. ಟೂರಿಸ್ಟ್ ವೀಸಾದಲ್ಲಿ ಬಂದು ನಾಲ್ಕೈದು ತಿಂಗಳಿದ್ದು ವಾಪಸ್ ಹೋಗುವವರಿಗೆ ಈ ತಲೆನೋವಿಲ್ಲ, ಅವರು ಅಲ್ಲಿನ ನಿವಾಸಿಗಳಲ್ಲ. ಗ್ರೀನ್ ಕಾರ್ಡ್ ಮೇಲೆ ಬಂದು ನೆಲೆಸಿದವರ ಮಾತು ಬೇರೆ. ಬೆಂಗಳೂರಿನಲ್ಲಿ ಮಾಡಿಸಿದ ಮೆಡಿಕ್ಲೇಮ್ ಆಗಲಿ, ವಿಮಾನ ಹತ್ತುವ ಮುಂಚೆ ತಗೊಂಡ ಟ್ರಾವೆಲ್ ಇನ್ಶೂರೆನ್ಸ್ ಆಗಲಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವರ್ಷದ ನಡುವೆ ಊರಿಗೇ ವಾಪಸಾದವರು ಹೆದರಬೇಕಿಲ್ಲ. ಅಲ್ಲಿನ ನಿವಾಸಿಯಾಗಿಲ್ಲದ ತಿಂಗಳುಗಳಿಗೆ ದಂಡ ಬೀಳದು.

ಆದಾಯ ತೀರಾ ಕಡಿಮೆ ಇದ್ದವರಿಗೆ, ಪ್ರೀಮಿಯಂ ಕೈಗೆಟುಕದವರಿಗೆ ಕೂಡ ವಿನಾಯಿತಿ ಉಂಟು. ಇವನ್ನೆಲ್ಲ ತೆರಿಗೆ ರಿಟರ್ನ್ ಜೊತೆಗೆ 3853 ಎಂಬ ಫಾರಂನಲ್ಲಿ ಕೇಳಬೇಕು. ಸುಮ್ನೆ ಬಿಟ್ಟರೆ ತಾನಾಗಿ ಸಿಗುವುದಿಲ್ಲ. ಮನೆಯಿಂದ ಹೊರಹಾಕಿದರು, ಬೆಂಕಿಯಲ್ಲಿ ಮನೆ ಹೋಯಿತು, ಮನೆಯವರು ತೀರಿಕೊಂಡರು ಎಂಬಂಥ ಕಷ್ಟಗಳಿಗೆ ದಾರಿ ಬೇರೆ. ಮೊದಲು ಕವರ್ಡ್ ಕ್ಯಾಲಿಫೋರ್ನಿಯಾಗೆ, ಅಂದರೆ ಆ ರಾಜ್ಯದ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್ ಮಾರುಕಟ್ಟೆಗೆ, ಅರ್ಜಿ ಹಾಕಬೇಕು. ಒಪ್ಪಿದರೆ ಅವರೊಂದು ನಂಬರ್ ಕೊಡುತ್ತಾರೆ. ಆ ನಂಬರನ್ನು ಅದೇ ಫಾರಂನಲ್ಲಿ ಬರೆದು ಕಳಿಸಬೇಕು.

ನಮಸ್ಕಾರ.