ಐದು ನಾಣ್ಯ, ಒಂದು ಹುಂಡಿ: ಮಕ್ಕಳ ಬೆರಳ ಕೆಲಸ ಪರೀಕ್ಷಿಸೋದು ಹೇಗೆ?

(ದೃಶ್ಯ: ಮೇಜಿನ ಮೇಲೆ ಒಂದು ರೂಪಾಯಿಯ ಐದು ನಾಣ್ಯ, ಪಕ್ಕದಲ್ಲಿ ಮಣ್ಣಿನ ಹುಂಡಿ. ಮಗುವಿನ ಕೈ ಮಾತ್ರ ಕಾಣುತ್ತೆ.)

ಈ ಕೈಯನ್ನೇ ನೋಡ್ತಾ ಇರ್ರಿ. 7 ವರ್ಷದ ಮಗು. ಒಂದೊಂದೇ ನಾಣ್ಯ ಎತ್ತಿ ಅದೇ ಕೈಯ ಅಂಗೈಯೊಳಗೆ ಸೇರಿಸಿಕೊಳ್ಳಬೇಕು. ಐದೂ ಸೇರಿದ ಮೇಲೆ ಒಂದೊಂದಾಗಿ ಬೆರಳ ತುದಿಗೆ ತಂದು ಹುಂಡಿಗೆ ಹಾಕಬೇಕು. ಇನ್ನೊಂದು ಕೈ ಮುಟ್ಟೋ ಹಾಗಿಲ್ಲ.

ಎತ್ತಿ ಒಳಗೆ ಸೇರಿಸೋದು ಸಲೀಸಾಗಿ ಆಯ್ತು. ಈಗ ಹೊರಗೆ ತರೋವಾಗ ನೋಡ್ರಿ. ಕೈಯನ್ನ ಎದೆಗೆ ಒತ್ತಿ ನಾಣ್ಯ ಜಾರಿಸ್ತಾ ಇದೆ. ಎರಡನೇ ನಾಣ್ಯ ಬೆರಳಿಗೆ ಬರೋ ಹೊತ್ತಿಗೆ ಉಳಿದ ಮೂರೂ ಕೆಳಗೆ ಬಿದ್ವು. ಮಗು ಬಗ್ಗಿ ಅವನ್ನ ಆರಿಸಿ ಹುಂಡಿಗೆ ಹಾಕ್ತು. ಕೆಲಸ ಮುಗೀತು.

ಐದೂ ಹುಂಡಿಗೆ ಬಿತ್ತು, ಸರಿ ಅಂತ ಗುರುತು ಹಾಕಿ ಮುಂದೆ ಹೋದ್ರೆ ಈ ಪರೀಕ್ಷೆ ಮಾಡಿದ್ದೇ ವ್ಯರ್ಥ. ಅಂಗೈಯಲ್ಲಿ ಕೆಲವನ್ನ ಹಿಡಿದಿಟ್ಟುಕೊಂಡೇ ಒಂದನ್ನ ಹೊರಗೆ ತರೋದು ಬೇರೆಯದೇ ಕೌಶಲ. ಕಿರುಬೆರಳು, ಉಂಗುರದ ಬೆರಳು ಹಿಡಿದಿರಬೇಕು, ಹೆಬ್ಬೆರಳು, ತೋರುಬೆರಳು ಕೆಲಸ ಮಾಡಬೇಕು. ಪೆನ್ಸಿಲ್ ಹಿಡಿದು ಬರೆಯೋವಾಗಲೂ ಕೈ ಇದೇ ರೀತಿ ಎರಡು ಭಾಗ ಆಗುತ್ತೆ. 6–7 ವರ್ಷಕ್ಕೆ ಹೆಚ್ಚಿನ ಮಕ್ಕಳಿಗೆ ಇದು ಬಂದಿರುತ್ತೆ. ಹಾಗಾಗಿ ಮುಗಿಸಿತಾ, ಇಲ್ಲವಾ ಅನ್ನೋದಕ್ಕಿಂತ ಹೇಗೆ ಮುಗಿಸ್ತು ಅಂತ ಬರೀರಿ. ಒಂದು ಎಚ್ಚರಿಕೆ: 3 ವರ್ಷದೊಳಗಿನ ಮಕ್ಕಳ ಕೈಗೆ ನಾಣ್ಯ, ಮಣಿ, ಶೇಂಗಾ ಕೊಡಲೇಬೇಡ್ರಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

(ದೃಶ್ಯ: ಬೆಂಚಿನ ಮೇಲೆ ಕೂತ ಹುಡುಗಿ, ಕಾಲು ಗಾಳಿಯಲ್ಲಿ ತೂಗಾಡ್ತಿವೆ.)

ಕೈಯ ಪರೀಕ್ಷೆ ಶುರುವಾಗೋದು ಕಾಲಿನಿಂದ. ಪಾದ ನೆಲಕ್ಕೆ ಊರಿಲ್ಲ ಅಂದ್ರೆ ಮೈ ವಾಲುತ್ತೆ, ಮೈ ವಾಲಿದ್ರೆ ಭುಜ ಬಿಗಿಯುತ್ತೆ, ಬೆರಳಿಗೆ ಬಿಡುವೇ ಇರಲ್ಲ. ಕಾಲಡಿಗೆ ಎರಡು ಇಟ್ಟಿಗೆ ಇಡ್ರಿ. ಮೇಜು ಮೊಣಕೈ ಮಟ್ಟಕ್ಕೆ ಅಥವಾ 2–3 ಸೆಂ.ಮೀ. ಮೇಲಕ್ಕೆ ಇರಲಿ. ನಮ್ಮ ಕಡೆ ನಲಿ-ಕಲಿ (1ರಿಂದ 3ನೇ ಕ್ಲಾಸಿನ) ಮಕ್ಕಳು ನೆಲದ ಮೇಲೆ ಕೂತು ಬಗ್ಗಿ ಬರೆಯೋದೇ ಹೆಚ್ಚು. ಹಾಗಾಗಿ ಮೊದಲು ದಿನಾ ಕೂರೋ ಹಾಗೆ ಕೂರಿಸಿ ಬರೆಸ್ರಿ, ಆಮೇಲೆ ಅದೇ ಸಾಲನ್ನ ಮೇಜಿನ ಮೇಲೆ ಬರೆಸ್ರಿ. ಮೇಜಿನ ಮೇಲೆ ಅಕ್ಷರ ನೆಟ್ಟಗಾದ್ರೆ ತೊಂದರೆ ಬೆರಳಿನದಲ್ಲ, ಕೂರೋ ಭಂಗಿಯದು. ಬೇಸಿಗೆಯಲ್ಲಿ ಬೆವರಿಗೆ ಕಡ್ಡಿ, ನಾಣ್ಯ ಜಾರ್ತಾವೆ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತೆ ಅಂತ ಹೇಳಬೇಕಿಲ್ಲ. ಬೆಳಿಗ್ಗೆ ಹೊತ್ತೇ ಮಾಡ್ರಿ, ಒಣ ಬಟ್ಟೆ ಪಕ್ಕಕ್ಕಿರಲಿ. ಕಣ್ಣಿನ ಪರೀಕ್ಷೆ ಆಗಿದೆಯಾ ಅಂತಲೂ ಕೇಳ್ರಿ.

ಇನ್ನು ವಯಸ್ಸು. ಶಾಲೆ ದಾಖಲೆಯ ಜನ್ಮದಿನಾಂಕ ಎಷ್ಟೋ ಸಲ ಅಂದಾಜಿನದು, ತಾಯಿ ಕಾರ್ಡ್ ತರಿಸಿ ನೋಡ್ರಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದ್ರೆ 2 ವರ್ಷದವರೆಗೆ ಆ ವಾರಗಳನ್ನ ಕಳೀಬೇಕು. 8 ವಾರ ಮುಂಚೆ ಹುಟ್ಟಿ ಈಗ 10 ತಿಂಗಳಾಗಿದ್ರೆ, ನೀವು ಹೋಲಿಸಬೇಕಿರೋದು 8 ತಿಂಗಳ ಮಗುವಿನ ಜೊತೆ.

(ದೃಶ್ಯ: ತಟ್ಟೆಯಲ್ಲಿ ನಾಲ್ಕು ಮಂಡಾಳು (ಮಂಡಕ್ಕಿ), ಮಗುವಿನ ಎರಡು ಬೆರಳು.)

6 ತಿಂಗಳ ಮಗು ವಸ್ತುವನ್ನ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತೆ. 9–10 ತಿಂಗಳಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಮಂಡಾಳಿನ ಒಂದು ಕಾಳನ್ನ ಎತ್ತುತ್ತೆ. ನಾಲ್ಕೈದು ಕಾಳು ಹರಡಿಟ್ಟು ನೋಡ್ರಿ, ಗುಡ್ಡೆ ಹಾಕಿಟ್ರೆ ಮಗು ಬಾಚಿಕೊಳ್ಳುತ್ತೆ, ನಿಮಗೆ ಏನೂ ತಿಳಿಯಲ್ಲ. 2.5 ಸೆಂ.ಮೀ. ಕಟ್ಟಿಗೆ ತುಂಡುಗಳನ್ನ ಒಂದರ ಮೇಲೊಂದು ಪೇರಿಸೋದು: ಒಂದೂವರೆ ವರ್ಷಕ್ಕೆ 3, ಎರಡಕ್ಕೆ 6, ಮೂರಕ್ಕೆ 9. ಕಿನ್ನಾಳದ ಬಣ್ಣದ ಗೊಂಬೆ ಮಗುವನ್ನ ಮಾತಿಗೆಳೆಯೋಕೆ ಬಹಳ ಚೆನ್ನ, ಆದ್ರೆ ಪೇರಿಸೋಕೆ ಬಡಿಗ್ಯಾರ ಹತ್ರ ಸಾದಾ ತುಂಡು ಕೊಯ್ಯಿಸ್ರಿ. ವಾರ್ನಿಶ್ ಬೇಡ, ನುಣುಪಾದ್ರೆ ಜಾರುತ್ತೆ.

ಚಿತ್ರ ಬಿಡಿಸೋದರಲ್ಲಿ ವೃತ್ತ 3 ವರ್ಷಕ್ಕೆ, ಕೂಡಿಸುವ ಚಿಹ್ನೆ 4ಕ್ಕೆ, ಚೌಕ ಸುಮಾರು 5ಕ್ಕೆ, ತ್ರಿಕೋನ 5 ದಾಟಿದ ಮೇಲೆ, ವಜ್ರಾಕೃತಿ 6–7ಕ್ಕೆ. ಇಲ್ಲಿ ದೊಡ್ಡವರೇ ಒಂದು ತಪ್ಪು ಮಾಡ್ತೀವಿ. ಮಗುವಿನ ಎದುರೇ ವೃತ್ತ ಬರೆದು ತೋರಿಸಿಬಿಡ್ತೀವಿ. ನಮ್ಮ ಕೈ ತಿರುಗಿದ್ದು ನೋಡಿ ಮಾಡೋದು ಅನುಕರಣೆ, ಅದು ಮುಂಚೆಯೇ ಬಂದಿರುತ್ತೆ. ಮೊದಲೇ ಬರೆದಿಟ್ಟ ಚೀಟಿ ತೋರಿಸಿ "ಇದರ ಹಂಗ ಬರಿ ಪುಟ್ಟಾ" ಅಂದಾಗ ಮಾತ್ರ ಮೇಲಿನ ವಯಸ್ಸು ಲೆಕ್ಕಕ್ಕೆ ಬರುತ್ತೆ.

ಯಾವ ಕೈ ಮುಂದು ಅನ್ನೋದು ಇನ್ನೂ ಸೂಕ್ಷ್ಮ. ಊಟ ಯಾವ ಕೈಯಲ್ಲಿ ಅಂತ ಕೇಳಬೇಡ್ರಿ, ನಮ್ಮ ಮನೆಗಳಲ್ಲಿ ಊಟದ ಕೈಯನ್ನ ಅಜ್ಜಿ ಅಮ್ಮ ತಿದ್ದಿರ್ತಾರೆ. ಯಾರೂ ತಿದ್ದದ ಕೆಲಸ ನೋಡ್ರಿ: ಕಲ್ಲು ಎಸೆಯೋದು, ಬಾಚಣಿಕೆ ಹಿಡಿಯೋದು, ಬಾಟಲಿ ಮುಚ್ಚಳ ತಿರುಗಿಸೋದು. ವಸ್ತುವನ್ನ ಮಗುವಿನ ಎದೆಯ ನೇರಕ್ಕೆ ಮಧ್ಯದಲ್ಲೇ ಇಡ್ರಿ, ಬಲಕ್ಕಿಟ್ರೆ ಬಲಗೈಯೇ ಮುಂದೆ ಬರುತ್ತೆ. ಎಡಗೈ ಮಗುವಿನ ಕೈ ಬದಲಿಸೋಕೆ ಹೋಗಬೇಡ್ರಿ, ಅದು ದೋಷವಲ್ಲ. ಆದ್ರೆ 1 ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸ್ತಾ ಇದ್ರೆ, ಇನ್ನೊಂದು ಮುಷ್ಟಿ ಕಟ್ಟಿಕೊಂಡೇ ಇದ್ರೆ, ಆ ಇನ್ನೊಂದು ಕೈಯಲ್ಲಿ ತೊಂದರೆ ಇರಬಹುದು. ಅದನ್ನ ವೈದ್ಯರೇ ನೋಡಬೇಕು, ಕಾಯೋದು ಬೇಡ.

"ಕತ್ತರಿ ಹಿಡಿಯೋಕೆ ಬರಲ್ಲ" ಅಂತ ಬರೆಯೋ ಮೊದಲು ಕತ್ತರಿ ಯಾವಾಗಾದ್ರೂ ಕೊಟ್ಟಿದ್ರಾ ಅಂತ ಕೇಳ್ರಿ. ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ಬಂದ ಮಗು ಅಂಗನವಾಡಿಯ ಸಾಮಾನು ಮುಟ್ಟೇ ಇರಲಿಕ್ಕಿಲ್ಲ. ಅದೇ ಮಗು ಶೇಂಗಾ ಸುಲಿಯೋದು, ಗಜಗ ಆಡೋದು, ಬುಗುರಿಗೆ ದಾರ ಸುತ್ತೋದು ನೋಡ್ರಿ. ಬುಗುರಿಯಲ್ಲಿ ಒಂದು ಕೈ ಹಿಡಿದಿರಬೇಕು, ಇನ್ನೊಂದು ಸುತ್ತಬೇಕು, ಎರಡು ಕೈ ಕೂಡಿ ಮಾಡೋ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಎರಡು ವಾರ ಕತ್ತರಿ ಅಭ್ಯಾಸ ಮಾಡಿಸಿ ಮತ್ತೆ ನೋಡ್ರಿ. ಕಲಿತ್ರೆ ಅವಕಾಶದ ಕೊರತೆ, ಕಲೀದಿದ್ರೆ ಮುಂದಿನ ತಪಾಸಣೆ.

(ದೃಶ್ಯ: ಒಂಬತ್ತು ತೂತಿನ ಹಲಗೆ, ಸ್ಟಾಪ್‌ವಾಚ್.)

ತಜ್ಞರ ಪರೀಕ್ಷೆಗಳ ಬಗ್ಗೆ ಚುರುಕಾಗಿ. ಒಂಬತ್ತು ಕಡ್ಡಿಯ ಪರೀಕ್ಷೆಯಲ್ಲಿ ರೂಢಿಯ ಕೈ ಮೊದಲು, ಒಂದು ಸಲ ಅಭ್ಯಾಸ. ಮೊದಲ ಕಡ್ಡಿ ಮುಟ್ಟಿದಾಗ ಗಡಿಯಾರ ಶುರು, ಒಂಬತ್ತನ್ನೂ ತೂತಿಗಿಟ್ಟು ಮತ್ತೆ ತೆಗೆದು ಕೊನೇದು ಬಟ್ಟಲಿಗೆ ಬಿದ್ದಾಗ ಬಂದ್. ದೊಡ್ಡವರಿಗೆ ಸುಮಾರು 20 ಸೆಕೆಂಡ್ ಸಾಕು. ಪೆಟ್ಟಿಗೆ-ತುಂಡಿನ ಪರೀಕ್ಷೆಯಲ್ಲಿ 150 ತುಂಡು, 60 ಸೆಕೆಂಡ್; ಪೆಟ್ಟಿಗೆಯ ಒಂದು ಬದಿಯಿಂದ ನಡುವಿನ ಅಡ್ಡಹಲಗೆ ದಾಟಿಸಿ ಇನ್ನೊಂದು ಬದಿಗೆ ಹಾಕಬೇಕು, ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ದಾಟಿಸಿದ್ರೂ ಲೆಕ್ಕ ಒಂದೇ. ಊರಲ್ಲಿ ಮಾಡಿಸಿದ ಹಲಗೆಯ ತೂತು ಒಂದು ಮಿಲಿಮೀಟರ್ ಸಡಿಲಾದ್ರೂ ಸಮಯ ಬದಲಾಗುತ್ತೆ. ಅಂಥ ಹಲಗೆಯಲ್ಲಿ ಮಗುವನ್ನ ಅದರದೇ ಹಿಂದಿನ ಸಮಯದ ಜೊತೆ ಹೋಲಿಸ್ರಿ, ಪುಸ್ತಕದ ಪಟ್ಟಿ ಜೊತೆ ಬೇಡ. ಮೈ-ಕೈ ಚಲನೆಯ ಕೌಶಲ ಅಳೆಯೋ ಎರಡು ಸಿದ್ಧ ಪರೀಕ್ಷೆಗಳಿವೆ. 3ರಿಂದ 16 ವರ್ಷದವರಿಗೆ ಬಳಸೋ ಎಂಎಬಿಸಿ-2ರ ಮಾನದಂಡ ಬ್ರಿಟನ್ ಮಕ್ಕಳದು, 4ರಿಂದ 21ರವರೆಗಿನ ಬಿಒಟಿ-2ರದು ಅಮೆರಿಕದ್ದು. ಎಂಎಬಿಸಿಯಲ್ಲಿ 100 ಮಕ್ಕಳ ಸಾಲಿನಲ್ಲಿ ಕೊನೆಯ 5ರೊಳಗೆ ಬಂದ್ರೆ ಗಂಭೀರ, 6ರಿಂದ 15 ಅಂದ್ರೆ ಗಮನ ಇಡಬೇಕು. ಆದ್ರೂ ಅಂಕೆಯೊಂದನ್ನೇ ಹಿಡಿದು ಮಗುವಿಗೆ ಹೆಸರು ಹಚ್ಚೋದು ಅನ್ಯಾಯ.

ದೊಡ್ಡ ಮಕ್ಕಳ ಬರಹಕ್ಕೆ ಬರೋಣ. ಬರವಣಿಗೆ ವೇಗದ ಪರೀಕ್ಷೆಗಳು ಹೆಚ್ಚಾಗಿ ಇಂಗ್ಲಿಷ್ ಲಿಪಿಗೆ ಮಾಡಿದವು. ಒತ್ತಕ್ಷರ, ಕೊಂಬು, ದೀರ್ಘ ಇರೋ ಕನ್ನಡಕ್ಕೆ ಆ ಎಣಿಕೆ ಹೊಂದಲ್ಲ. ಒಂದೇ ಪ್ಯಾರಾವನ್ನ ಮೂರು ಥರ ಬರೆಸ್ರಿ: ಪುಸ್ತಕ ನೋಡಿ, ಬೋರ್ಡ್ ನೋಡಿ, ಉಕ್ತಲೇಖನ. ಬೋರ್ಡ್‌ನಿಂದ ಮಾತ್ರ ಕೆಟ್ರೆ ಕಣ್ಣು ತೋರಿಸ್ರಿ. ಉಕ್ತಲೇಖನದಲ್ಲಿ ಮಾತ್ರ ಕೆಟ್ರೆ ಕಿವಿ ಅಥವಾ ಕಾಗುಣಿತ. ಮೂರರಲ್ಲೂ ಕೆಟ್ರೆ ಕೈ ಕಡೆ ಬರ್ರಿ. ಹಾಳೆಯ ಹಿಂಬದಿ ಸವರಿ ನೋಡ್ರಿ, ಅಕ್ಷರ ಉಬ್ಬಿದ್ರೆ ಒತ್ತಡ ಜಾಸ್ತಿ. 10ನೇ ಕ್ಲಾಸಿನವರಿಗೆ 20 ನಿಮಿಷ ಬರೆಸಿ ಮೊದಲ ಐದು ಸಾಲು, ಕೊನೆಯ ಐದು ಸಾಲು ಹೋಲಿಸ್ರಿ. ನೋವು ಎಲ್ಲಿ, ಎಷ್ಟನೇ ನಿಮಿಷಕ್ಕೆ ಅಂತ ಗುರುತು ಮಾಡ್ರಿ. ಪೆನ್ನನ್ನ ನಾಲ್ಕು ಬೆರಳಲ್ಲಿ ಹಿಡಿದ್ರೆ ತಪ್ಪೇನಿಲ್ಲ, ಬರಹ ಸಾಗ್ತಿದ್ರೆ ಹಿಡಿತ ಬದಲಿಸಬೇಡ್ರಿ.

ಚೆನ್ನಾಗಿ ಬರೀತಿದ್ದ ಮಗುವಿನ ಅಕ್ಷರ ಕೆಲವೇ ವಾರಗಳಲ್ಲಿ ಕೆಟ್ಟು, ಕೈಯಿಂದ ಲೋಟ ಬೀಳ್ತಿದ್ರೆ ಅದನ್ನ ಸೋಮಾರಿತನ ಅನ್ನಬೇಡ್ರಿ. ಗಂಟಲು ಸೋಂಕಿನ ಕೆಲ ತಿಂಗಳ ನಂತರ ಬರೋ ರುಮ್ಯಾಟಿಕ್ ಕಾಯಿಲೆಯಲ್ಲಿ ಹೀಗಾಗಬಹುದು, ಹೃದಯವನ್ನೂ ಪರೀಕ್ಷಿಸಬೇಕು. ಕಿರುಬೆರಳು ಸೊರಗಿ ಮಡಚಿಕೊಂಡಿದ್ರೆ, ಚರ್ಮದ ಮಚ್ಚೆಗೆ ಸ್ಪರ್ಶ ತಿಳೀದಿದ್ರೆ ಕುಷ್ಠರೋಗದ ತಪಾಸಣೆ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರಿ ಆರ್‌ಬಿಎಸ್‌ಕೆ ಯೋಜನೆಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅವರ ಕೈಗೆ "ಬರಹ ಸರಿಯಿಲ್ಲ" ಅನ್ನೋ ಚೀಟಿ ಕೊಟ್ರೆ ಅವರಿಗೂ ಏನೂ ತಿಳಿಯಲ್ಲ. ಚೀಟಿ ಹೀಗಿರಲಿ:

(ಪರದೆ ಮೇಲೆ ಕೈಬರಹ)

"ವಯಸ್ಸು 7 ವರ್ಷ 2 ತಿಂಗಳು, ತಾಯಿ ಕಾರ್ಡ್ ಪ್ರಕಾರ. ಬಲಗೈ. ಕಣ್ಣಿನ ಪರೀಕ್ಷೆ ಆಗಿದೆ, ಸರಿ ಇದೆ. ಐದು ನಾಣ್ಯ ಅಂಗೈಗೆ ಸೇರಿಸುತ್ತಾಳೆ, ಹೊರಗೆ ತರುವಾಗ ಎದೆಗೆ ಒತ್ತುತ್ತಾಳೆ, ಮೂರು ಬಿದ್ದವು. ಅಂಗಿ ಗುಂಡಿ ಹಾಕಲು ಅಮ್ಮ ಬೇಕು. ಚೌಕ ಬರುತ್ತದೆ, ವಜ್ರಾಕೃತಿ ಬರುವುದಿಲ್ಲ. ಮೇಜಿನ ಮೇಲೆ ಬರೆಸಿದರೂ ಸಾಲು ಇಳಿಯುತ್ತದೆ. 15 ದಿನ ಅಭ್ಯಾಸ ಮಾಡಿಸಿದೆ, ಬದಲಾವಣೆ ಕಡಿಮೆ."