ಮೊದಲ ಸಲವೇ ನರ ಸಿಗಲಿ

ಕೇಳುಗರೆಲ್ಲರಿಗೂ ನಮಸ್ಕಾರ.

"ನರ ಸಿಗ್ತಾ ಇಲ್ಲ." ಮಗುವಿಗೆ ಡ್ರಿಪ್ಸ್ ಹಾಕಿಸಲು ಹೋದ ಎಷ್ಟೋ ಅಪ್ಪ ಅಮ್ಮಂದಿರು ಈ ಮಾತು ಕೇಳಿರುತ್ತೀರಿ. ಒಂದು ಕೈ ಆಯಿತು, ಇನ್ನೊಂದು ಕೈ ಆಯಿತು, ಆಮೇಲೆ ಕಾಲು. ಅಷ್ಟರಲ್ಲಿ ಮಗು ಅತ್ತೂ ಅತ್ತೂ ಸುಸ್ತು. ನರ್ಸ್ ಕೈ ಸರಿಯಿಲ್ಲ ಅಂದುಬಿಡುವುದು ಸುಲಭ. ಆದರೆ ಎಳೆ ಮಗುವಿನ ರಕ್ತನಾಳ ತೀರಾ ಸಣ್ಣದು, ಅದರ ಮೇಲೆ ಕೊಬ್ಬು ಬೇರೆ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿದ್ದರಂತೂ ನಾಳ ಇನ್ನಷ್ಟು ಬತ್ತಿಕೊಂಡಿರುತ್ತದೆ.

ಇಂಥ ಹೊತ್ತಿಗೆ ಅಂತಲೇ ವೇನ್ ಫೈಂಡರ್ ಎಂಬ ಉಪಕರಣವಿದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಚರ್ಮದ ಮೇಲೆ ಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ಆ ಬೆಳಕನ್ನು ಸುತ್ತಲಿನ ಮಾಂಸಕ್ಕಿಂತ ಜಾಸ್ತಿ ಹೀರಿಕೊಳ್ಳುತ್ತದೆ. ಆ ವ್ಯತ್ಯಾಸ ಹಿಡಿದು ನಾಳಗಳ ಚಿತ್ರವನ್ನು ಚರ್ಮದ ಮೇಲೇ ಮೂಡಿಸುವ ಉಪಕರಣಗಳಿವೆ. ಪುಟ್ಟ ಅಂಗೈಯ ಹಿಂಬದಿಯಲ್ಲಿ ಹಸಿರು ಬೆಳಕು, ಅದರೊಳಗೆ ಕವಲೊಡೆದ ಕಪ್ಪು ಗೆರೆಗಳು. ಬೆರಳಿಂದ ಒತ್ತಿದರೆ ಗೆರೆ ಮಾಯ, ಬಿಟ್ಟರೆ ರಕ್ತ ಮತ್ತೆ ತುಂಬಿ ಗೆರೆ ಮೂಡುತ್ತದೆ. ಎಕ್ಸ್‌ರೇ ಥರದ ವಿಕಿರಣ ಇದರಲ್ಲಿಲ್ಲ. ಬೆಳಕು ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಂಡರಾಯಿತು.

ಹಾಗಂತ ಇದ್ದರೆ ಸಾಕು, ಕೆಲಸ ಮುಗೀತು ಅಂತಲ್ಲ. ನಾಳ ಎಲ್ಲಿದೆ ಎಂದು ಇದು ತೋರಿಸುತ್ತದೆ, ಎಷ್ಟು ಆಳದಲ್ಲಿದೆ ಎಂದು ಹೇಳುವುದಿಲ್ಲ. ಸುಮಾರು 1 ಸೆಂಟಿಮೀಟರಿಗಿಂತ ಕೆಳಗಿನದು ಕಾಣುವುದೂ ಕಷ್ಟ. ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಎಲ್ಲ ಮಕ್ಕಳ ಮೇಲೂ ಬಳಸಿ ನೋಡಿದ ಅಧ್ಯಯನಗಳಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ. ಕೆಲವು ಕಡೆ ಲಾಭ ಕಂಡಿದೆ, ಕೆಲವು ಕಡೆ ಏನೂ ವ್ಯತ್ಯಾಸವಿಲ್ಲ. ನರ ಸಿಗುವುದೇ ಕಷ್ಟ ಅನ್ನುವಂಥ ಮಕ್ಕಳಲ್ಲೇ ಇದರ ಉಪಯೋಗ ಹೆಚ್ಚು.

ಆ ಮಕ್ಕಳನ್ನು ಮೊದಲೇ ಗುರುತಿಸಬಹುದು ಅಲ್ವಾ? ಅದಕ್ಕೆ ಡಿವಾ ಸ್ಕೋರ್ ಎಂಬ ಲೆಕ್ಕವಿದೆ. ನಾಳ ಕಾಣುತ್ತದೆಯೇ, ಕೈಗೆ ಸಿಗುತ್ತದೆಯೇ, ವಯಸ್ಸೆಷ್ಟು, ಅವಧಿಗೆ ಮುಂಚೆ ಹುಟ್ಟಿದ ಮಗುವೇ ಎಂದು ನೋಡಿ ಅಂಕ ಕೊಡುತ್ತಾರೆ. ಅಂಕ 4 ಅಥವಾ ಹೆಚ್ಚಾದರೆ ಮೊದಲ ಪ್ರಯತ್ನ ಸೋಲುವ ಸಂಭವ ಅರ್ಧಕ್ಕಿಂತ ಜಾಸ್ತಿ. ಅಂಥ ಮಗುವಿಗೆ ಮೂರು ಕಡೆ ಚುಚ್ಚಿ ಆದಮೇಲೆ ಉಪಕರಣ ಹುಡುಕಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ಚುಚ್ಚುವಿಕೆಗೆ ಮುಂಚೆಯೇ ಅದು ಹಾಸಿಗೆಯ ಪಕ್ಕ ಇರಬೇಕು. ತುರ್ತಿಲ್ಲದಿದ್ದರೆ ಒಂದು ಗಂಟೆ ಮುಂಚೆ ಮರಗಟ್ಟಿಸುವ ಕ್ರೀಮನ್ನೂ ಹಚ್ಚಬಹುದು.

ಅಪ್ಪ ಅಮ್ಮಂದಿರೇ, ಹಿಂದೊಮ್ಮೆ ನರ ಸಿಗಲು ಕಷ್ಟವಾಗಿತ್ತು ಎಂದಿದ್ದರೆ ನರ್ಸ್‌ಗೆ ಮೊದಲೇ ಹೇಳಿ. ವೇನ್ ಫೈಂಡರ್ ಇದೆಯಾ ಎಂದು ಸಂಕೋಚವಿಲ್ಲದೆ ಕೇಳಿ. ಮಗು ಹೆಬ್ಬೆರಳು ಚೀಪುವ ಕೈ ಯಾವುದು ಎಂದೂ ತಿಳಿಸಿ. ಸಾಧ್ಯವಾದರೆ ಆ ಕೈ ಬಿಟ್ಟು ಇನ್ನೊಂದಕ್ಕೆ ಹಾಕುತ್ತಾರೆ.

ನಮಸ್ಕಾರ.