ಯುದ್ಧ ಅಮೆರಿಕದಲ್ಲಿ, ಓಟು ಸಿಕ್ಕಿದ್ದು ಇಂಗ್ಲೆಂಡಿನ ಕಾರ್ಮಿಕರಿಗೆ

ನಮಸ್ಕಾರ. 1862ರ ಡಿಸೆಂಬರ್ 31. ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಕಾರ್ಮಿಕರ ಸಭೆ. ಊರಿನ ಎಷ್ಟೋ ಗಿರಣಿಗಳು ಮುಚ್ಚಿವೆ, ಕೂಲಿ ಇಲ್ಲ, ಮನೆ ಸಾಮಾನು ಅಡವಿಟ್ಟು ಹೊಟ್ಟೆ ಹೊರೆಯುವ ಕಾಲ. ಅಂಥ ಹೊತ್ತಿನಲ್ಲೂ ಆ ಸಭೆ ಅಬ್ರಹಾಂ ಲಿಂಕನ್‌ಗೆ ಪತ್ರ ಬರೆದು, ಗುಲಾಮಗಿರಿಯ ವಿರುದ್ಧ ನಿಮ್ಮ ಹೋರಾಟಕ್ಕೆ ನಮ್ಮ ಬೆಂಬಲವಿದೆ ಅಂತ ತಿಳಿಸಿತು.

[ಪರದೆ: ಅಟ್ಲಾಂಟಿಕ್ ಸಾಗರದ ನಕ್ಷೆ]

ಗಿರಣಿ ಮುಚ್ಚಲು ಮುಖ್ಯ ಕಾರಣವೇ ಲಿಂಕನ್ ನಡೆಸುತ್ತಿದ್ದ ಯುದ್ಧ! ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿ ಪ್ರದೇಶ ಲ್ಯಾಂಕಾಶೈರ್‌ಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು, ಗುಲಾಮರು ಬೆಳೆದದ್ದು. ಆ ರಾಜ್ಯಗಳು ದೇಶದಿಂದ ಬೇರೆಯಾಗಿ 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಲಿಂಕನ್ ಪಕ್ಷದ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಆಗ ಬ್ರಿಟಿಷರ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೂ ಬಿತ್ತು. ಅದನ್ನು ಸಾಗಿಸೋಕೆ ಕಾರವಾರ ಬಂದರನ್ನು ಬೆಳೆಸುವ ಕೆಲಸ ನಡೆದದ್ದೂ ಆ ದಶಕದಲ್ಲೇ.

ಹಸಿದವರೆಲ್ಲ ಲಿಂಕನ್ ಪರ ಇದ್ದರು ಅನ್ನೋದು ಸರಿಯಲ್ಲ. ದಕ್ಷಿಣಕ್ಕೆ ಬೇರೆ ದೇಶವೆಂದು ಮಾನ್ಯತೆ ಕೊಡಿ, ಹತ್ತಿ ಬರಲಿ ಎಂದು ಕೇಳಿದ ಕಾರ್ಮಿಕರೂ ಇದ್ದರು. ಅದಕ್ಕೇ ಮ್ಯಾಂಚೆಸ್ಟರ್ ಸಭೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತೆ. 1863ರ ಜನವರಿಯಲ್ಲಿ ಲಿಂಕನ್ ಅವರಿಗೆ ಉತ್ತರ ಬರೆದರು. ಮುಂದಿನ ತಿಂಗಳು ಅಮೆರಿಕದಿಂದ ಆಹಾರ ಹೊತ್ತ ಹಡಗು ಲಿವರ್‌ಪೂಲ್‌ಗೆ ಬಂತು.

[ಪರದೆ: ಗ್ಲಾಡ್‌ಸ್ಟನ್ ಭಾವಚಿತ್ರ]

ಆಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಓಟು ಇದ್ದದ್ದು ಸುಮಾರು 10 ಲಕ್ಷ ಗಂಡಸರಿಗೆ, ಅಂದರೆ ಐವರಲ್ಲಿ ಒಬ್ಬನಿಗೆ. ಅಮೆರಿಕ ಒಡೆಯಿತು ನೋಡಿ, ಎಲ್ಲರಿಗೂ ಓಟು ಕೊಟ್ಟರೆ ಹೀಗೇ ಆಗೋದು ಎಂದು ಸಿರಿವಂತರ ವಲಯ ವಾದಿಸುತ್ತಿತ್ತು. ಹಣಕಾಸು ಸಚಿವ ಗ್ಲಾಡ್‌ಸ್ಟನ್ ಕೂಡ 1862ರಲ್ಲಿ ನ್ಯೂಕಾಸಲ್‌ನಲ್ಲಿ, ದಕ್ಷಿಣದ ನಾಯಕರು ಒಂದು ರಾಷ್ಟ್ರವನ್ನೇ ಕಟ್ಟಿದ್ದಾರೆ ಎಂದುಬಿಟ್ಟರು. ಅದೇ ಮನುಷ್ಯ 1864ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ನಿಂತು, ಅನರ್ಹನೆಂದು ತೋರಿಸಲಾಗದ ಪ್ರತಿ ಗಂಡಸಿಗೂ ಮತದ ನೈತಿಕ ಹಕ್ಕಿದೆ ಎಂದರು. ಕಷ್ಟದಲ್ಲಿ ಲ್ಯಾಂಕಾಶೈರ್ ಕಾರ್ಮಿಕರು ತೋರಿದ ಸಂಯಮವನ್ನೇ ಅವರು ಸಾಕ್ಷಿಯಾಗಿ ಮುಂದಿಟ್ಟರು.

1865ರಲ್ಲಿ ಉತ್ತರ ಗೆದ್ದಿತು. ಪ್ರಜಾಪ್ರಭುತ್ವ ಉಳಿಯೋದಿಲ್ಲ ಅನ್ನುವ ವಾದದ ಬಲ ಕುಗ್ಗಿತು. ಯುದ್ಧದುದ್ದಕ್ಕೂ ಉತ್ತರದ ಪರ ಮಾತಾಡಿದ್ದ ಸಂಸದ ಜಾನ್ ಬ್ರೈಟ್ ಈಗ ಊರೂರಿನ ಸಭೆಗಳಲ್ಲಿ ಮತದ ಹಕ್ಕು ಕೇಳಿದರು. ಅದೇ ವರ್ಷ ಮತದ ಹಕ್ಕಿಗಾಗಿ ಹೋರಾಡುವ ರಿಫಾರ್ಮ್ ಲೀಗ್ ಎಂಬ ಸಂಘ ಹುಟ್ಟಿತು. ಮತದ ಹಕ್ಕು ವಿಸ್ತರಿಸುವ 1866ರ ಮಸೂದೆ ಸಂಸತ್ತಿನಲ್ಲಿ ಬಿದ್ದುಹೋಯಿತು. ಆ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕ್ ಬಾಗಿಲು ಮುಚ್ಚಿ ಸಭೆ ತಡೆಯಲು ಹೋದಾಗ ಜನ ಕಂಬಿಬೇಲಿಯನ್ನೇ ಕಿತ್ತು ಒಳನುಗ್ಗಿದರು. ಈ ಒತ್ತಡವೂ ಇಲ್ಲದಿದ್ದರೆ ಅಮೆರಿಕದ ಉದಾಹರಣೆಯೊಂದೇ ಸಾಕಾಗುತ್ತಿರಲಿಲ್ಲ.

1867ರಲ್ಲಿ ಕನ್ಸರ್ವೇಟಿವ್ ಪಕ್ಷದ ಡಿಸ್ರೇಲಿಯೇ ಸುಧಾರಣಾ ಕಾಯ್ದೆ ತಂದರು. ಮತದಾರರು ಹೆಚ್ಚುಕಡಿಮೆ ಇಮ್ಮಡಿಯಾದರು. ಪಟ್ಟಣಗಳಲ್ಲಿ ಮನೆ ಹಿಡಿದಿದ್ದ ಕಾರ್ಮಿಕನಿಗೆ ಓಟು ಬಂತು. ಹಳ್ಳಿಯ ಕೂಲಿಕಾರ 1884ರವರೆಗೆ ಕಾದ. ಹೆಂಗಸರಿಗೂ ಕೊಡಿ ಎಂಬ ಚಿಂತಕ, ಸಂಸದ ಜಾನ್ ಸ್ಟುವರ್ಟ್ ಮಿಲ್ ಅವರ ತಿದ್ದುಪಡಿಗೆ ಬಿದ್ದದ್ದು 73 ಮತ, ವಿರುದ್ಧ 196.